ಕೆರೆಯಿಂದ ಕೆರೆಗೆ, ಕೆಸರಿನ ಜೊತೆಗೆ

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಾದ ಶರಣಬಸಪ್ಪ, ಸಿ.ಎಂ. ಕಲ್ಲೇಶ್ವರಸ್ವಾಮಿ ಮತ್ತು ಸಂಗಡಿಗರಿಗೆ ಮೆಕ್ಕೆಜೋಳದ ಸುಳಿಯಲ್ಲಿ ಹಿಂದೆ ಕಾಣದ ಹುಳುವೊಂದು ಸಿಕ್ಕಿತು. ತಲೆಯ ಮೇಲೆ ತಲೆಕೆಳಗಾದ ‘ವೈ’ ಅಕ್ಷರದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕವಾಗಿ ಕೂತ ನಾಲ್ಕು ಕಪ್ಪು ಚುಕ್ಕೆ. ಎಲೆಯೆಲ್ಲ ಹರಕು, ಸುಳಿ ಬಿಡಿಸಿದರೆ ಮರದ ಹೊಟ್ಟಿನಂಥ ಹಿಕ್ಕೆ. ವಂಶವಾಹಿ ಪರೀಕ್ಷೆಯಲ್ಲಿ ಅನುಮಾನ ನಿಜವಾಯಿತು. ಅಮೆರಿಕ ಖಂಡಗಳ ಮೂಲದ, 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಭಾರತಕ್ಕೂ ಬಂದಿತ್ತು. ದೇಶದಲ್ಲಿ ಅದು ಮೊದಲು ಪತ್ತೆಯಾದದ್ದು ನಮ್ಮ ಜಿಲ್ಲೆಯಲ್ಲಿ. ಮರುವರ್ಷದ ಆರಂಭಕ್ಕೆ ಚೀನಾವನ್ನೂ ಮುಟ್ಟಿತು.

ಇದರ ಪತಂಗ ಗಾಳಿ ಕೂಡಿಬಂದರೆ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು. ಬ್ರಿಟಿಷರ ಕಾಲದ 1914ರ ಪೀಡೆ ಕಾಯ್ದೆಯಾಗಲಿ, 2003ರ ಸಸ್ಯ ಸಂಗರೋಧ ಆದೇಶವಾಗಲಿ ಬಂದರು, ವಿಮಾನ ನಿಲ್ದಾಣಗಳ ಸರಕನ್ನು ತಡೆದು ನೋಡಬಹುದು, ಆಕಾಶಕ್ಕೆ ಬೀಗ ಹಾಕಲಾಗದು. ಅಲ್ಲಿ ಕೆಲಸಕ್ಕೆ ಬಂದದ್ದು ಯಾರೋ ಬಗ್ಗಿ ಸುಳಿ ಬಿಡಿಸಿ ನೋಡಿದ್ದು. ಬಿತ್ತಿದ ಕೆಲವೇ ದಿನಕ್ಕೆ ಸಾಲಿನಲ್ಲಿ ನಡೆಯುತ್ತ ಸುಳಿ ನೋಡುವುದು ಇಂದು ಶಿಕಾರಿಪುರ, ಸೊರಬದ ಮೆಕ್ಕೆಜೋಳದ ಬೆಳೆಗಾರರಿಗೂ ತಪ್ಪದ ಕೆಲಸ.

ಆದರೆ ರೆಕ್ಕೆಯ ಮೇಲೆ ಬರುವ ಅತಿಥಿಗಳು ಕಡಿಮೆ. ಹೆಚ್ಚಿನವು ನಮ್ಮ ಜೊತೆಗೇ ಬರುತ್ತವೆ.

ಸೊರಬದಿಂದ ಸುಮಾರು 16 ಕಿಲೋಮೀಟರ್ ದೂರದ ಗುಡವಿಯನ್ನೇ ನೋಡಿ. 1989ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾದ ಈ ಜಾಗದ ವಿಸ್ತೀರ್ಣ ಎಪ್ಪತ್ತಮೂರು ಹೆಕ್ಟೇರಿನ ಆಸುಪಾಸು. ಮಳೆ ಹಿಡಿದು ಕೆರೆ ತುಂಬಿದ ಮೇಲೆ ನೀರಿನ ನಡುವೆ ನಿಂತ ಮರಗಳಲ್ಲಿ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬಕಗಳು ಗೂಡು ಕಟ್ಟುತ್ತವೆ. ಹಾವಕ್ಕಿಯ ಬೇಟೆ ನೀರಿನೊಳಗೆ. ಮುಳುಗಿ, ಮೀನನ್ನು ಕೊಕ್ಕಿನಿಂದ ತಿವಿದು ಮೇಲೇಳುತ್ತದೆ. ಅದಕ್ಕೆ ಬೇಕಾದದ್ದು ಬಯಲು ನೀರು.

ನೀಲಿ ಹೂವಿನ ಅಂತರಗಂಗೆ ಕಸಿಯುವುದು ಅದನ್ನೇ. ಹೂವಿನ ಚಂದಕ್ಕೆ ಮರುಳಾಗಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ತಂದ ದಕ್ಷಿಣ ಅಮೆರಿಕದ ಗಿಡವಿದು. ಹದವಾದ ಬಿಸಿಲು, ಗೊಬ್ಬರದ ನೀರು ಸಿಕ್ಕರೆ ಎರಡು ವಾರದಲ್ಲಿ ಹಬ್ಬಿದ ಜಾಗ ಇಮ್ಮಡಿಯಾಗುತ್ತದೆ. ಚಾಪೆಯ ಕೆಳಗೆ ಬೆಳಕಿಲ್ಲ, ಆಮ್ಲಜನಕವಿಲ್ಲ, ಮೀನೂ ಉಳಿಯದು. ಬೀಜವಂತೂ ಕೆಸರಿನಲ್ಲಿ ಹದಿನೈದು-ಇಪ್ಪತ್ತು ವರ್ಷ ಸುಮ್ಮನೆ ಕಾದಿರಬಲ್ಲದು.

ಬಂದ ಮೇಲೆ ನೋಡಿಕೊಂಡರಾಯಿತು ಅನ್ನುವವರಿಗೆ ಬೆಂಗಳೂರಿನ ಅನುಭವವಿದೆ. 1980ರ ದಶಕದ ಆರಂಭದಲ್ಲಿ ಈ ಕಳೆಯನ್ನಷ್ಟೇ ತಿನ್ನುವ ಮೂತಿಹುಳುಗಳನ್ನು ವಿದೇಶದಿಂದ ತರಿಸಿ, ಪರೀಕ್ಷಿಸಿ ಅಲ್ಲಿನ ಕೆರೆಗಳಿಗೆ ಬಿಟ್ಟರು. ಕೆಲವು ಕೆರೆಗಳಲ್ಲಿ ಕಳೆ ಚೆನ್ನಾಗಿಯೇ ಇಳಿಯಿತು. ಆದರೆ ಕೊಳಚೆ ಹರಿಯುವ ಬೆಳ್ಳಂದೂರಿನಲ್ಲಿ ಯಂತ್ರ ಇಳಿಸಿ ಟನ್‌ಗಟ್ಟಲೆ ಎತ್ತುವ ಕೆಲಸ ಮತ್ತೆ ಮತ್ತೆ ನಡೆದಿದೆ. ಆಕ್ರಮಣಕಾರಿ ಜೀವಿಗಳಿಂದ ಜಗತ್ತಿಗಾಗುವ ನಷ್ಟ ವರ್ಷಕ್ಕೆ 423 ಶತಕೋಟಿ ಡಾಲರ್‌ಗೂ ಮೇಲೆ ಎಂದು ಜೀವವೈವಿಧ್ಯದ ಅಂತರಸರ್ಕಾರಿ ವೇದಿಕೆ 2023ರಲ್ಲಿ ಅಂದಾಜಿಸಿತು. ಗ್ರಾಮ ಪಂಚಾಯಿತಿಯೊಂದಕ್ಕೆ ಒಂದು ಕೆರೆಯ ಕಳೆ ತೆಗೆಸುವ ಬಿಲ್ಲೇ ಸಾಕು, ಶತಕೋಟಿ ಬೇಡ.

ಹಕ್ಕಿಗಳೇ ಕಾಲಿಗೆ ಮೆತ್ತಿಕೊಂಡು ಬೀಜ ತರುತ್ತವಲ್ಲ, ನಾವು ಕೈಕಾಲು ತೊಳೆದು ಏನು ಪ್ರಯೋಜನ? ನ್ಯಾಯವಾದ ಪ್ರಶ್ನೆ. ತರುತ್ತವೆ, ಚಿಟಿಕೆಯಷ್ಟು. ನಾವು ತರುವುದು ಟ್ರೇಲರ್ ಲೆಕ್ಕದಲ್ಲಿ. ಬೇಸಿಗೆಯಲ್ಲಿ ಕೆರೆಯ ಗೋಡು ಗದ್ದೆ ತೋಟಗಳಿಗೆ ಹೋಗುತ್ತದೆ, ಕೊಯ್ಲಿನ ಯಂತ್ರ ಹೊರಜಿಲ್ಲೆಯ ಹೊಲದ ಕಸವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬರುತ್ತದೆ. ಕಾನಿನ ಅಂಚಿನ ಯುಪಟೋರಿಯಂ ಹೂ ಬಿಡುವ ಮೊದಲು ಕಡಿದರೆ ಕೊಟ್ಟಿಗೆಗೆ ಒಳ್ಳೆಯ ಸೊಪ್ಪು. ಬೀಜ ಕಟ್ಟಿದ ಮೇಲೆ ಕಡಿದು ಹೊತ್ತರೆ ದಾರಿಯುದ್ದಕ್ಕೂ ಬಿತ್ತನೆ.

ಮೀನಿನ ಕತೆ ಬೇರೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ, 2019ರಲ್ಲಿ ಹಸಿರು ನ್ಯಾಯಮಂಡಳಿಯೂ ಗದರಿಸಿದೆ. ಹೊಂಡದ ಏರಿ ಒಡೆದು ಹಳ್ಳ ಸೇರಿದ ಮೀನಿಗೆ ಆದೇಶ ಓದಲು ಬಾರದು. ನಮ್ಮ ಮುರುಗೋಡಿನ ದೂರದ ನೆಂಟನಾದರೂ ಇದು ಸಿಕ್ಕಿದ್ದನ್ನೆಲ್ಲ ನುಂಗಿ ಕೆಜಿಗಟ್ಟಲೆ ಬೆಳೆಯುತ್ತದೆ. ಹಾಗೆ ನೋಡಿದರೆ ಇಲಾಖೆಯೇ ಕೆರೆಗಳಿಗೆ ಬಿಡುತ್ತ ಬಂದ ಸಾಮಾನ್ಯ ಗೆಂಡೆಯೂ ಹೊರಗಿನದೇ, ಆ ಮಾತು ಯಾರೂ ಎತ್ತುವುದಿಲ್ಲ.

ಈ ಸೀಮೆಯಲ್ಲಿ ನೀರಿನ ಜೀವಿಗಳ ಸಂಚಾರಕ್ಕೆ ದೊಡ್ಡ ಹಬ್ಬವೆಂದರೆ ಕೆರೆಬೇಟೆ. ಮಳೆಗಾಲಕ್ಕೆ ಮುಂಚೆ ನೀರು ತಗ್ಗಿದಾಗ ಒಂದೊಂದು ಊರಿನ ಕೆರೆಗೆ ಒಂದೊಂದು ದಿನ. ಅಕ್ಕಪಕ್ಕದ ಹಳ್ಳಿಗಳಿಂದ ನೂರಾರು ಜನ ಕೂಣಿ ಹೊತ್ತು ಬರುತ್ತಾರೆ. ಬಿದಿರ ಸೀಳುಗಳನ್ನು ಹೆಣೆದು ಮಾಡಿದ, ಮೇಲೂ ಕೆಳಗೂ ಬಾಯಿ ತೆರೆದ ಸಲಕರಣೆಯದು. ಕೆಸರಿಗೆ ಒತ್ತಿ ಹಿಡಿದು, ಮೇಲಿನ ಬಾಯಿಂದ ಕೈ ಇಳಿಸಿ ಮೀನು ತಡಕುತ್ತಾರೆ. ಬೇಟೆ ಮುಗಿದ ಮೇಲೆ ಒಂದು ಕೂಣಿಯನ್ನು ಹತ್ತಿರದಿಂದ ನೋಡಬೇಕು. ಹಗ್ಗ ಬಿಗಿದ ಗಂಟುಗಳಲ್ಲಿ ಕರಿ ಕೆಸರು, ಸೀಳುಗಳ ಸಂದಿಯಲ್ಲಿ ಬೇರುಸಹಿತ ತುಂಡಾದ ಕಳೆಯ ಎಸಳು, ಶಂಖದ ಹುಳುವಿನ ಮರಿ. ಬೈಕಿನ ಹಿಂದೆ ಕಟ್ಟಿಸಿಕೊಂಡು ಮನೆಗೆ ಹೋಗುವ ಅದು ಪೂರ್ತಿ ಒಣಗುವ ಮೊದಲೇ ಇನ್ನೊಂದೂರಿನ ಕೆರೆಗೆ ಇಳಿದಿರುತ್ತದೆ.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನದಿಗಳಲ್ಲಿ 2004ರಲ್ಲಿ ಡಿಡಿಮೊ ಎಂಬ ಪಾಚಿ ಕಂಡಾಗ ಅಲ್ಲಿನ ಸರ್ಕಾರ ಗಾಳ ಹಾಕುವವರಿಗೂ ದೋಣಿಯವರಿಗೂ ಮೂರೇ ಕೆಲಸ ಹೇಳಿಕೊಟ್ಟಿತು: ನೋಡಿ, ತೊಳೆಯಿರಿ, ಒಣಗಿಸಿ. ಕೈಗೆ ಒಣಗಿದಂತೆ ತೋರಿದ ಮೇಲೂ ಇನ್ನೆರಡು ದಿನ ಬಿಡಬೇಕೆಂಬುದು ಅಲ್ಲಿನ ನಿಯಮ. ಆ ಚಳಿಯ ದೇಶಕ್ಕೆ ಒಣಗಿಸುವುದೇ ಕಷ್ಟ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಅಂಗಳದಲ್ಲಿಟ್ಟ ಕೂಣಿ ತಾನಾಗಿಯೇ ಕಟಕಟ ಒಣಗುತ್ತದೆ. ಬಿಸಿಲಿಗೆ ಗಿಡದ ತುಂಡು ಸಾಯುತ್ತದೆ, ಬೀಜ ಸಾಯದು. ಆದ್ದರಿಂದ ಕೆಸರನ್ನು ತಿಕ್ಕಿ ತೆಗೆಯಲೇಬೇಕು, ಅದೂ ಬೇಟೆಯಾಡಿದ ಕೆರೆಯ ಏರಿಯ ಮೇಲೆಯೇ. ದಾರಿಯಲ್ಲಿ ಸಿಕ್ಕ ಹಳ್ಳದಲ್ಲಿ ತೊಳೆದರೆ ಕೆರೆಯ ಕಳೆಯನ್ನು ಹೊಳೆಗೂ ದಾನ ಮಾಡಿದಂತೆ.

ಕೆರೆಬೇಟೆಯಲ್ಲಿ ಕೂಣಿಗಿಷ್ಟೆಂದು ಹಣ ಪಡೆಯುವ ಪದ್ಧತಿ ಮೊದಲಿನಿಂದಲೂ ಇದೆ, ಅಂದರೆ ಒಂದೊಂದು ಕೂಣಿಯೂ ಯಾರದೋ ಕಣ್ಣ ಮುಂದೆ ಹಾದೇ ನೀರಿಗೆ ಇಳಿಯುತ್ತದೆ. ಆ ಹಣದಲ್ಲೇ ಏರಿಯ ಮೇಲೆ ಎರಡು ಡ್ರಮ್ ನೀರು, ನಾಲ್ಕು ಬ್ರಷ್ ಇಡಬಹುದು. ಪಕ್ಕದೂರಿನಿಂದ ಬಂದ ಹಿರಿಯರನ್ನು ತಡೆದು ‘ನಿಮ್ಮ ಕೂಣಿ ತೋರಿಸಿ ಯಜಮಾನ್ರೆ’ ಅನ್ನುವುದು ಮಾತ್ರ ಸಲೀಸಲ್ಲ, ಬೇಟೆಯ ಉಮೇದಿನಲ್ಲಿ ಜಗಳವೇ ಆದೀತು. ದಿನ ಗೊತ್ತುಮಾಡಿ ಸುತ್ತಿನ ಊರುಗಳಿಗೆ ಹೇಳಿಕಳಿಸುವಾಗಲೇ ಕೂಣಿ ತೊಳೆದು ಒಣಗಿಸಿ ತರಬೇಕೆಂದು ಒಂದು ಮಾತು ಸೇರಿಸಿದರೆ ಏರಿಯ ಮೇಲೆ ವಾದಕ್ಕೆ ನಿಲ್ಲುವ ಪ್ರಮೇಯ ಬರುವುದಿಲ್ಲ.