ಮೊದಲು ಮಗುವಿನ ಪಾಲು

ದೊಡ್ಡಬಳ್ಳಾಪುರದ ನೇಕಾರರ ಮನೆಯೊಂದನ್ನು ವಾಚಕರು ಭಾವಿಸಿಕೊಳ್ಳಲಿ. ದಂಪತಿಗಳು ವಿಚ್ಛೇದನಕ್ಕೆ ನಿಂತಿರುವರು. ಮಗ್ಗ ಯಾರಿಗೆ, ಒಡವೆ ಯಾರಿಗೆ ಎಂಬುದೇ ವಾದ. ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಗನ ಮಾತನ್ನು ಎತ್ತುವವರಿಲ್ಲ. ಇತರ ಮಕ್ಕಳು ಪ್ರಾಯಕ್ಕೆ ಬಂದು ದುಡಿದುಣ್ಣುವರು. ಇವನಿಗಾದರೋ ಔಷಧ, ಶಿಕ್ಷಣ, ಆರೈಕೆಗಳು ಬಾಳಿನುದ್ದಕ್ಕೂ ಬೇಕು. ಆದಕಾರಣವೇ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು, ದೇಹದ ಅಥವಾ ಮನಸ್ಸಿನ ನ್ಯೂನತೆಯಿಂದ ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಮಗನಿಗೆ ಹದಿನೆಂಟು ತುಂಬಿದ ಮೇಲೂ ಜೀವನಾಂಶವುಂಟೆನ್ನುತ್ತದೆ. ಉಭಯರೂ ಆದಾಯ, ಸ್ವತ್ತು, ಸಾಲಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕೆಂದೂ, ಇಂತಹ ಮಗುವಿನ ನಿರಂತರ ವೆಚ್ಚವನ್ನು ಜೀವನಾಂಶದ ನಿರ್ಣಯದಲ್ಲಿ ಗಣಿಸತಕ್ಕದ್ದೆಂದೂ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ವಿಧಿಸಿದೆ. ಆದುದರಿಂದ ಮೊದಲು ಮಗನ ವಾರ್ಷಿಕ ವೆಚ್ಚದ ಪಟ್ಟಿಯನ್ನು ಬರೆದು, ಆ ಮೊತ್ತವನ್ನು ತೆಗೆದಿರಿಸಿ, ಅನಂತರ ಉಳಿದುದನ್ನು ಹಂಚಿಕೊಳ್ಳುವುದು ಲೇಸು. ಗಂಡಹೆಂಡಿರ ಋಣ ಹರಿದೀತು. ಮಗನ ಋಣ ಹರಿಯದು.