ರಸ್ತೆ ಕೆಡಿಸಲೆಂದೇ ಓಡಿದ ಲಾರಿಗಳು

ಒಂದು ಲಾರಿ ಹಾದುಹೋದರೆ ರಸ್ತೆಗೆ ಎಷ್ಟು ಪೆಟ್ಟು? ಅದೇ ಲಾರಿ ಎರಡು ಟನ್ನು ಹೆಚ್ಚು ಹೇರಿಕೊಂಡರೆ ಪೆಟ್ಟು ಎಷ್ಟು ಹೆಚ್ಚುತ್ತದೆ? ಇಪ್ಪತ್ತನೆಯ ಶತಮಾನ ಅರ್ಧ ಕಳೆದರೂ ಇದಕ್ಕೆ ಯಾರ ಬಳಿಯೂ ಖಚಿತ ಉತ್ತರವಿರಲಿಲ್ಲ. ಅಮೆರಿಕದಲ್ಲಿ ಈ ಪ್ರಶ್ನೆಯ ಹಿಂದೆ ದುಡ್ಡಿನ ಜಗಳವೂ ಇತ್ತು. ಲಾರಿ ಮಾಲೀಕರು ಇನ್ನಷ್ಟು ಭಾರ ಹೇರಲು ಅನುಮತಿ ಕೇಳುತ್ತಿದ್ದರು. ಹೆದ್ದಾರಿ ಇಲಾಖೆಗಳು ರಸ್ತೆ ಉಳಿಯುವುದಿಲ್ಲ ಎನ್ನುತ್ತಿದ್ದವು. ಕೆಟ್ಟದ್ದನ್ನು ಸರಿಪಡಿಸುವ ಖರ್ಚನ್ನು ಕಾರಿನವರು ಎಷ್ಟು ಹೊರಬೇಕು, ಲಾರಿಯವರು ಎಷ್ಟು ಹೊರಬೇಕು ಎಂಬುದು ಇತ್ಯರ್ಥವಾಗಿರಲಿಲ್ಲ. ಇದರ ನಡುವೆ ಸಿಮೆಂಟಿನವರು ಕಾಂಕ್ರೀಟನ್ನು ಹೊಗಳಿದರೆ, ಡಾಂಬರಿನವರು ಡಾಂಬರನ್ನು ಹೊಗಳುತ್ತಿದ್ದರು.

ವಾದದಿಂದ ಬಗೆಹರಿಯದ್ದನ್ನು ಲಾರಿ ಓಡಿಸಿಯೇ ಬಗೆಹರಿಸೋಣ ಎಂಬ ಯೋಚನೆ ಹೊಸದೇನಲ್ಲ. 1920ರ ದಶಕದ ಆರಂಭದಲ್ಲೇ ಇಲಿನಾಯ್ ರಾಜ್ಯದ ಬೇಟ್ಸ್ ಎಂಬ ಊರಿನ ಬಳಿ ಇಟ್ಟಿಗೆ, ಡಾಂಬರು, ಕಾಂಕ್ರೀಟಿನ 68 ತುಂಡು ರಸ್ತೆಗಳನ್ನು ಮಾಡಿ, ಮೊದಲ ಮಹಾಯುದ್ಧದಲ್ಲಿ ಮಿಕ್ಕಿದ್ದ ಸೇನಾ ಲಾರಿಗಳನ್ನು ಅವುಗಳ ಮೇಲೆ ಓಡಿಸಿದ್ದರು. ಗಾಳಿ ತುಂಬದ ಗಟ್ಟಿ ರಬ್ಬರಿನ ಗಾಲಿಗಳು ಅವು. ಕಾಂಕ್ರೀಟ್ ಚಪ್ಪಡಿ ಮೊದಲು ಮುರಿಯುವುದು ಮೂಲೆಯಲ್ಲಿ ಎಂಬುದು ಅಲ್ಲಿ ಗೊತ್ತಾಯಿತು. ರಸ್ತೆಯ ನಟ್ಟನಡುವೆ ಉದ್ದಕ್ಕೆ ಒಂದು ಸಂದು ಬಿಟ್ಟರೆ ಅಡ್ಡಾದಿಡ್ಡಿ ಬಿರುಕು ಕಡಿಮೆಯಾಗುತ್ತದೆ ಎಂಬುದೂ ತಿಳಿಯಿತು.

1950ರಲ್ಲಿ ಮೇರಿಲ್ಯಾಂಡಿನಲ್ಲಿ ಬಳಕೆಯಲ್ಲಿದ್ದ ಒಂದು ಕಾಂಕ್ರೀಟ್ ರಸ್ತೆಯನ್ನೇ ಪರೀಕ್ಷೆಗೆ ಹಿಡಿದರು. ಜಿಗುಟು ಮಣ್ಣಿನ ಮೇಲೆ ಕೂತಿದ್ದ ಚಪ್ಪಡಿಗಳು ಭಾರದ ಲಾರಿ ಹಾದಾಗಲೆಲ್ಲ ಕೆಳಗಿನ ಕೆಸರನ್ನು ಸಂದುಗಳಿಂದ ಹೊರಕ್ಕೆ ಉಗುಳಿದವು. ಮರಳು, ಗರಸಿನ ತಳವಿದ್ದ ಕಡೆ ಆ ತೊಂದರೆ ಇರಲಿಲ್ಲ.

ಡಾಂಬರಿನ ಸರದಿ ಬಂದದ್ದು 1952ರಿಂದ 54ರವರೆಗೆ, ಐಡಾಹೊ ರಾಜ್ಯದ ಮಲಾಡ್‌ನಲ್ಲಿ. ಅಲ್ಲಿ ಎ. ಸಿ. ಬೆಂಕಲ್‌ಮನ್ ಎಂಬ ಎಂಜಿನಿಯರ್ ಒಂದು ಸರಳ ಸಾಧನ ರೂಪಿಸಿದರು. ಲಾರಿಯ ಹಿಂದಿನ ಜೋಡಿ ಗಾಲಿಗಳ ನಡುವಿನ ಸಂದಿಗೆ ಉದ್ದನೆಯ ತೆಳು ತೊಲೆಯೊಂದನ್ನು ತೂರಿಸಿ, ಅದರ ತುದಿ ರಸ್ತೆಯನ್ನು ಮುಟ್ಟುವಂತೆ ಇಡುತ್ತಾರೆ. ಲಾರಿ ನಿಧಾನವಾಗಿ ಮುಂದಕ್ಕೆ ಸರಿಯುತ್ತದೆ. ಭಾರಕ್ಕೆ ಕುಸಿದಿದ್ದ ರಸ್ತೆ ಮೇಲೇಳುತ್ತದೆ, ತೊಲೆಯ ಇನ್ನೊಂದು ತುದಿಯಲ್ಲಿರುವ ಡಯಲ್ ಗೇಜಿನ ಮುಳ್ಳು ಕದಲುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಈ ಏರಿಳಿತ ರಸ್ತೆಯ ಒಳಗಿನ ಬಲವನ್ನು ಹೇಳಿಬಿಡುತ್ತದೆ. ಹಳೆಯ ರಸ್ತೆಯ ಮೇಲೆ ಇನ್ನೆಷ್ಟು ದಪ್ಪ ಡಾಂಬರು ಹಾಕಬೇಕೆಂದು ನಿರ್ಧರಿಸಲು ನಮ್ಮ ದೇಶದಲ್ಲೂ ಈ ಬೀಮ್ ಬಳಕೆಗೆ ಬಂತು. ಅದರ ವಿಧಾನಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರತ್ಯೇಕ ಸಂಹಿತೆಯನ್ನೇ ಬರೆದಿದೆ.

ಇಷ್ಟಾದರೂ ಮೂಲ ಪ್ರಶ್ನೆ ಹಾಗೇ ಉಳಿದಿತ್ತು. ಒಂದೊಂದು ಪರೀಕ್ಷೆಯೂ ಒಂದೊಂದು ಬಗೆಯ ರಸ್ತೆಗೆ, ನಾಲ್ಕಾರು ಬಗೆಯ ಭಾರಕ್ಕೆ ಸೀಮಿತವಾಗಿತ್ತು. 1956ರ ಜೂನ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅಂತರರಾಜ್ಯ ಹೆದ್ದಾರಿ ಕಾಯಿದೆಗೆ ಸಹಿ ಹಾಕಿದ ಮೇಲೆ ಕಾಯಲು ಸಮಯವಿರಲಿಲ್ಲ. ಸಾವಿರಾರು ಮೈಲಿ ಹೊಸ ಹೆದ್ದಾರಿ ಹಾಕಬೇಕು, ಆದರೆ ದಪ್ಪ ಎಷ್ಟಿರಬೇಕು? ಅದೇ ವರ್ಷ ಆಗಸ್ಟ್‌ನಲ್ಲಿ ಷಿಕಾಗೊದಿಂದ ನೈರುತ್ಯಕ್ಕೆ ಸುಮಾರು 130 ಕಿಲೋಮೀಟರ್ ದೂರದ ಒಟ್ಟಾವ ಪಟ್ಟಣದ ಬಳಿ ಕೆಲಸ ಶುರುವಾಯಿತು. ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘ ‘ಆಶೊ’ ಅದರ ಪ್ರಾಯೋಜಕ. ಆ ಸಂಘದ ಹೆಸರಿನಿಂದಲೇ ಅದು ‘ಆಶೊ ರೋಡ್ ಟೆಸ್ಟ್’ ಎಂದು ಪ್ರಸಿದ್ಧವಾಯಿತು. ಒಟ್ಟು ಖರ್ಚು ಸುಮಾರು 2.7 ಕೋಟಿ ಡಾಲರ್.

ಅಲ್ಲಿ ಕಟ್ಟಿದ್ದು ಆರು ಸುತ್ತುರಸ್ತೆಗಳನ್ನು. ಪ್ರತಿ ಸುತ್ತಿನ ಒಂದು ಬದಿ ಡಾಂಬರು, ಇನ್ನೊಂದು ಬದಿ ಕಾಂಕ್ರೀಟ್. ತಳದ ಮಣ್ಣಿನಿಂದ ಗೊಂದಲವಾಗಬಾರದೆಂದು ಎಲ್ಲ ಕಡೆಯೂ ಒಂದೇ ಬಗೆಯ ಜೇಡಿಮಣ್ಣನ್ನು 90 ಸೆಂಟಿಮೀಟರ್ ಎತ್ತರಕ್ಕೆ ತುಂಬಿ ದಮ್ಮಸ್ಸು ಮಾಡಿದರು. ಅದರ ಮೇಲೆ ಒಟ್ಟು 836 ತುಂಡುಗಳು. ಡಾಂಬರಿನ ಪದರ ಕೆಲವು ಕಡೆ ಎರಡೂವರೆ ಸೆಂಟಿಮೀಟರ್ ಇದ್ದರೆ ಕೆಲವು ಕಡೆ ಹದಿನೈದು. ಕಾಂಕ್ರೀಟ್ ಆರು ಸೆಂಟಿಮೀಟರಿನಿಂದ ಮೂವತ್ತೆರಡರ ತನಕ. ತೀರಾ ತೆಳುವಾದವು ಬಾಳುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಮುರಿಯಲಿ ಎಂದೇ ಅವುಗಳನ್ನು ಹಾಗೆ ಕಟ್ಟಿದ್ದರು. ಯಾವುದೂ ಮುರಿಯದಿದ್ದರೆ ಯಾವುದು ಎಷ್ಟು ತಾಳುತ್ತದೆ ಎಂಬುದು ತಿಳಿಯುವುದಾದರೂ ಹೇಗೆ?

ಲಾರಿ ಓಡಿಸುವ ಮೊದಲು ಇನ್ನೊಂದು ತೊಡಕು ಬಿಡಿಸಬೇಕಿತ್ತು: ರಸ್ತೆ ‘ಕೆಟ್ಟಿತು’ ಎಂದು ಯಾವಾಗ ಹೇಳುವುದು? ಒಬ್ಬ ಎಂಜಿನಿಯರಿಗೆ ಮೊದಲ ಬಿರುಕೇ ಸಾವು, ಇನ್ನೊಬ್ಬನಿಗೆ ಗುಂಡಿ ಬೀಳುವವರೆಗೂ ರಸ್ತೆ ಚೆನ್ನಾಗಿಯೇ ಇರುತ್ತದೆ. ಪರೀಕ್ಷೆಯ ಮುಖ್ಯ ಎಂಜಿನಿಯರ್ ಡಬ್ಲ್ಯು. ಎನ್. ಕೇರಿ ಮತ್ತು ಸಂಖ್ಯಾಶಾಸ್ತ್ರಜ್ಞ ಪಾಲ್ ಐರಿಕ್ ಇದಕ್ಕೆ ಕಂಡುಕೊಂಡ ದಾರಿ ಸೊಗಸಾದದ್ದು. ರಸ್ತೆ ಇರುವುದು ಅದರ ಮೇಲೆ ಓಡಾಡುವವರಿಗಾಗಿ, ಆದ್ದರಿಂದ ಅವರನ್ನೇ ಕೇಳೋಣ ಎಂದರು ಅವರು. ಒಂದು ತಂಡ ಕಾರಿನಲ್ಲಿ ಕೂತು ಬಳಕೆಯಲ್ಲಿದ್ದ ಹಲವು ರಸ್ತೆಗಳ ಮೇಲೆ ಓಡಾಡಿತು. ಒಬ್ಬರನ್ನೊಬ್ಬರು ಕೇಳದೆ ಪ್ರತಿಯೊಬ್ಬರೂ ಸೊನ್ನೆಯಿಂದ ಐದರವರೆಗೆ ಅಂಕ ಕೊಟ್ಟರು. ಅದೇ ರಸ್ತೆಗಳ ಏರುತಗ್ಗು, ಬಿರುಕು, ತೇಪೆ, ಗಾಲಿಜಾಡಿನ ಆಳ ಎಲ್ಲವನ್ನೂ ಅಳೆದು ಅಂಕಗಳಿಗೆ ಹೋಲಿಸಿ ನೋಡಿದರು. ಜನರ ತೀರ್ಪನ್ನು ಬಹುಪಾಲು ನಿರ್ಧರಿಸಿದ್ದು ಉದ್ದಕ್ಕೂ ಸಿಗುವ ಏರುತಗ್ಗೇ. ಬಿರುಕು, ತೇಪೆಗಳ ಪಾಲು ಸ್ವಲ್ಪ ಮಾತ್ರ. ಹೀಗೆ ಮೈಗೆ ತಟ್ಟುವ ಕುಲುಕಾಟಕ್ಕೆ ಒಂದು ಅಂಕಿ ಸಿಕ್ಕಿತು. ಹೊಸ ರಸ್ತೆಗೆ ನಾಲ್ಕಕ್ಕಿಂತ ತುಸು ಹೆಚ್ಚು ಅಂಕ. ಒಂದೂವರೆಗೆ ಇಳಿದರೆ ಆ ತುಂಡಿನ ಆಯಸ್ಸು ಮುಗಿಯಿತು. ಅದನ್ನು ಲೆಕ್ಕದಿಂದ ಹೊರಗಿಟ್ಟು, ಲಾರಿ ನಿಲ್ಲದಂತೆ ದುರಸ್ತಿ ಮಾಡುತ್ತಿದ್ದರು.

1958ರ ಅಕ್ಟೋಬರ್ 15ರಂದು ಲಾರಿಗಳು ಹೊರಟವು. ಓಡಿಸಿದವರು ಅಮೆರಿಕದ ಸೇನೆಯ ಸೈನಿಕರು. ಒಂದು ಸುತ್ತುರಸ್ತೆಯನ್ನು ಲಾರಿಗೆ ಬಿಡದೆ ಮಳೆ, ಹಿಮಕ್ಕೆ ಮಾತ್ರ ಬಿಟ್ಟರು. ಉಳಿದ ಐದರಲ್ಲಿ ಒಂದೊಂದು ಸಾಲಿಗೂ ಒಂದೊಂದು ಭಾರ ಗೊತ್ತುಮಾಡಿದ್ದರು. ಹಗುರ ವಾಹನಗಳ ಒಂಟಿ ಆಕ್ಸಲ್ ಮೇಲೆ 0.9 ಟನ್ನು, ಎಲ್ಲಕ್ಕಿಂತ ಭಾರದ ಲಾರಿಗಳ ಒಂಟಿ ಆಕ್ಸಲ್ ಮೇಲೆ 13.6 ಟನ್ನು. ಗಂಟೆಗೆ ಸುಮಾರು 56 ಕಿಲೋಮೀಟರ್ ವೇಗದಲ್ಲಿ, ದಿನಕ್ಕೆ ಹದಿನೆಂಟು ಗಂಟೆಗೂ ಹೆಚ್ಚು ಕಾಲ, ಹಗಲು ರಾತ್ರಿ ಅದೇ ಸುತ್ತು. 1960ರ ನವೆಂಬರ್ 30ರಂದು ನಿಲ್ಲಿಸುವಾಗ ಪ್ರತಿ ಸಾಲಿನ ಮೇಲೂ 11 ಲಕ್ಷಕ್ಕಿಂತ ಹೆಚ್ಚು ಆಕ್ಸಲ್‌ಗಳು ಹಾದಿದ್ದವು.

ರಸ್ತೆಗಳು ದಿನಕ್ಕಿಷ್ಟು ಎಂದು ಸವೆಯಲಿಲ್ಲ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಕಲ್ಲಿನಂತಿದ್ದಾಗ ಎಲ್ಲವೂ ಸುಮ್ಮನಿದ್ದವು. ವಸಂತದಲ್ಲಿ ಹೆಪ್ಪು ಕರಗಿ ತಳದ ಮಣ್ಣಿನಲ್ಲಿ ನೀರು ನಿಂತ ಕೂಡಲೇ ಡಾಂಬರಿನ ತುಂಡುಗಳು ಸಾಲುಸಾಲಾಗಿ ಕುಸಿದವು. ಕಾಂಕ್ರೀಟಿನ ಕತೆ ಮೇರಿಲ್ಯಾಂಡಿನದೇ: ಕೆಟ್ಟ ಪ್ರತಿ ಚಪ್ಪಡಿಯೂ ಮುರಿಯುವ ಮೊದಲು ತನ್ನ ಅಡಿಯ ಗರಸು, ಮಣ್ಣನ್ನು ನೀರಿನೊಂದಿಗೆ ಹೊರಹಾಕಿತ್ತು. ತಳ ಬರಿದಾದ ಮೇಲೆ ಚಪ್ಪಡಿ ಅಂತರದಲ್ಲಿ ನಿಂತಂತಾಗುತ್ತದೆ, ಮುಂದಿನ ಗಾಲಿ ಅದನ್ನು ಮುರಿಯುತ್ತದೆ. ಕಾಂಕ್ರೀಟೋ ಡಾಂಬರೋ ಎಂಬ ಜಗಳಕ್ಕಿಂತ ನೀರು ಎಲ್ಲಿ ನಿಲ್ಲುತ್ತದೆ, ಹೇಗೆ ಹೊರಹೋಗುತ್ತದೆ ಎಂಬ ಪ್ರಶ್ನೆಯೇ ದೊಡ್ಡದೆಂದು ಒಟ್ಟಾವ ತೋರಿಸಿತು.

ಆದರೆ ಆ ಪರೀಕ್ಷೆಯನ್ನು ಇಂದಿಗೂ ನೆನೆಸುವಂತೆ ಮಾಡಿದ ಫಲ ಸಿಕ್ಕಿದ್ದು ಲೆಕ್ಕದ ಮೇಜಿನ ಮೇಲೆ. ಯಾವ ದಪ್ಪದ ತುಂಡು, ಯಾವ ಭಾರ, ಎಷ್ಟನೆಯ ಸುತ್ತಿಗೆ ಅಂಕ ಒಂದೂವರೆಗೆ ಇಳಿಯಿತು ಎಂಬ ರಾಶಿ ಅಂಕಿಗಳನ್ನು ಐರಿಕ್ ಅವರ ತಂಡ ಸಮೀಕರಣಕ್ಕೆ ಕೂಡಿಸಿತು. ಆಗಿನ ಕಾನೂನು ಒಪ್ಪಿದ್ದ 18,000 ಪೌಂಡ್, ಅಂದರೆ ಸುಮಾರು 8.2 ಟನ್ನಿನ ಒಂಟಿ ಆಕ್ಸಲನ್ನು ಅಳತೆಗೋಲಾಗಿ ಇಟ್ಟುಕೊಂಡು ಉಳಿದ ಭಾರಗಳನ್ನು ಅದಕ್ಕೆ ಹೋಲಿಸಿದರು. ಭಾರ ಎರಡು ಪಟ್ಟಾದರೆ ಹಾನಿಯೂ ಎರಡು ಪಟ್ಟು ಎಂಬ ಎಣಿಕೆ ಅಲ್ಲಿ ಬಿದ್ದುಹೋಯಿತು. ಹಾನಿ ಏರುವುದು ಸರಿಸುಮಾರು ಭಾರದ ನಾಲ್ಕನೆಯ ಘಾತದಲ್ಲಿ. ಎರಡು ಪಟ್ಟು ಭಾರಕ್ಕೆ ಹದಿನಾರು ಪಟ್ಟು ಪೆಟ್ಟು! ಹಗುರ ವಾಹನದ 0.9 ಟನ್ನಿನ ಆಕ್ಸಲ್ ಆರು ಸಾವಿರಕ್ಕೂ ಹೆಚ್ಚು ಸಲ ಹಾದರೆ ಮಾತ್ರ ಆ ಅಳತೆಗೋಲಿನ ಆಕ್ಸಲ್ ಒಂದು ಸಲ ಹಾದದ್ದಕ್ಕೆ ಸಮ.

ಇದೇನು ನಿಸರ್ಗದ ನಿಯಮವಲ್ಲ. ಮೂಲ ಸಮೀಕರಣ ಇದಕ್ಕಿಂತ ತೊಡಕಿನದು, ಪದರದ ದಪ್ಪಕ್ಕೆ ತಕ್ಕಂತೆ ಬದಲಾಗುವಂಥದ್ದು. ನಾಲ್ಕು ಎಂಬುದು ಬಳಕೆಗೆಂದು ಸರಳಗೊಳಿಸಿದ ಅಂಕಿ. ಅದೂ ಒಂದೇ ಮಣ್ಣು, ಒಂದೇ ಹವೆ, ಎರಡೇ ವರ್ಷದಿಂದ ಬಂದದ್ದು. ಹಾಗೆಂದೇ ಅಮೆರಿಕ 1987ರಲ್ಲಿ ದೇಶದುದ್ದಕ್ಕೂ ಬಳಕೆಯ ರಸ್ತೆಗಳನ್ನು ವರ್ಷಗಟ್ಟಲೆ ಗಮನಿಸುವ ಯೋಜನೆ ಆರಂಭಿಸಿತು. ವಿನ್ಯಾಸವೂ ಪದರಗಳೊಳಗಿನ ಒತ್ತಡ, ಹಿಗ್ಗುಗಳನ್ನು ನೇರವಾಗಿ ಲೆಕ್ಕಹಾಕುವ ಕಡೆಗೆ ಸಾಗಿತು. ಆದರೂ ನಾಲ್ಕನೆಯ ಘಾತ ಮೂಲೆಗೆ ಬೀಳಲಿಲ್ಲ.

ನಮ್ಮಲ್ಲೂ ಹಾಗೆಯೇ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಸಿ. ಇ. ಜಿ. ಜಸ್ಟೊ ಅವರು ಎಸ್. ಕೆ. ಖನ್ನಾ ಜೊತೆ ಬರೆದ ಹೆದ್ದಾರಿ ಎಂಜಿನಿಯರಿಂಗ್ ಪುಸ್ತಕ ಓದದೆ ಇಲ್ಲಿ ಸಿವಿಲ್ ಪದವಿ ಮುಗಿಸಿದವರು ಕಡಿಮೆ. ಡಾಂಬರು ರಸ್ತೆಯ ವಿನ್ಯಾಸಕ್ಕೆ ಬಳಸುವ ‘ಐಆರ್‌ಸಿ 37’ ಸಂಹಿತೆಯಲ್ಲಿ ವಾಹನಗಳನ್ನು ತಲೆ ಎಣಿಸಿ ಬಿಡುವುದಿಲ್ಲ. ಪ್ರತಿ ಆಕ್ಸಲನ್ನೂ 80 ಕಿಲೋನ್ಯೂಟನ್ನಿನ ಪ್ರಮಾಣ ಆಕ್ಸಲಿಗೆ, ಅಂದರೆ ಒಟ್ಟಾವದ ಅದೇ 8.2 ಟನ್ನಿಗೆ, ನಾಲ್ಕನೆಯ ಘಾತದಿಂದ ಪರಿವರ್ತಿಸಿ ಕೂಡಿಸುತ್ತಾರೆ. ‘ಮಿಲಿಯನ್ ಸ್ಟ್ಯಾಂಡರ್ಡ್ ಆಕ್ಸಲ್’ ಲೆಕ್ಕದ ಆ ಮೊತ್ತವೇ ಎಂಜಿನಿಯರುಗಳ ಬಾಯಲ್ಲಿ ‘ಎಂಎಸ್‌ಎ’.

ಈ ಲೆಕ್ಕ ತಿಳಿದವರಿಗೆ ಬಳ್ಳಾರಿ, ಹೊಸಪೇಟೆಯಲ್ಲಿ ಅದಿರಿನ ಲಾರಿಗಳು ಓಡಿದ ದಿನಗಳಲ್ಲಿ ರಸ್ತೆಗಳು ಏಕೆ ಅಷ್ಟು ಹದಗೆಟ್ಟವು ಎಂಬುದು ಒಗಟಾಗಲಾರದು. ಮಿತಿಗಿಂತ ಅರ್ಧದಷ್ಟು ಹೆಚ್ಚು ಅದಿರು ಹೊತ್ತ ಆಕ್ಸಲ್ ಮಾಡುವ ಹಾನಿ ಒಂದೂವರೆ ಪಟ್ಟಲ್ಲ, ಐದು ಪಟ್ಟು. ಕಾನೂನಿನ ಒಳಗೇ ನೋಡಿದರೂ ಸರಿ. ನಾಲ್ಕು ಗಾಲಿಯ ಒಂಟಿ ಆಕ್ಸಲಿಗಿದ್ದ 10.2 ಟನ್ನಿನ ಮಿತಿಯನ್ನು 2018ರಲ್ಲಿ ಕೇಂದ್ರ ಸರ್ಕಾರ 11.5 ಟನ್ನಿಗೆ ಏರಿಸಿತು. ಭಾರ ಏರಿದ್ದು ನೂರಕ್ಕೆ ಹದಿಮೂರು. ಮಿತಿ ತುಂಬ ಹೇರಿದ ಆಕ್ಸಲೊಂದರ ಪೆಟ್ಟು, ನಾಲ್ಕನೆಯ ಘಾತದಲ್ಲಿ, ನೂರಕ್ಕೆ ಅರವತ್ತರಷ್ಟು ಏರುತ್ತದೆ. ಒಂದೇ ಸರಕನ್ನು ಕಡಿಮೆ ಲಾರಿಗಳಲ್ಲಿ ಸಾಗಿಸಿದ ಉಳಿತಾಯ ಸಾಗಣೆದಾರನಿಗೆ ಸಿಗುತ್ತದೆ, ಪೆಟ್ಟಿನ ಖರ್ಚು ದುರಸ್ತಿಯ ಲೆಕ್ಕಕ್ಕೆ ಸೇರುತ್ತದೆ. ಅದೇ ಭಾರವನ್ನು ಇನ್ನೊಂದು ಆಕ್ಸಲಿಗೆ ಹಂಚಿದರೆ ಹಾನಿ ಎಷ್ಟೋ ಇಳಿಯುತ್ತದೆ ಎಂಬುದನ್ನೂ ಒಟ್ಟಾವದ ಜೋಡಿ ಆಕ್ಸಲ್‌ಗಳು ಆಗಲೇ ತೋರಿಸಿದ್ದವು. ಗುಂಡಿ ಬಿದ್ದಾಗ ಗುತ್ತಿಗೆದಾರನನ್ನು ಕೇಳುವುದು ನ್ಯಾಯವೇ. ಆ ರಸ್ತೆಯ ಮೇಲೆ ಎಷ್ಟೆಷ್ಟು ಭಾರದ ಆಕ್ಸಲ್‌ಗಳು ಹಾದವು, ಅವುಗಳನ್ನು ತೂಗಿದವರು ಯಾರು ಎಂಬುದನ್ನೂ ಜೊತೆಗೇ ಕೇಳಬೇಕು.