ಅಂಬಾಸಿಡರ್ ಮತ್ತು ಕಾಂಟೆಸ್ಸಾ: ಎರಡು ಕಾಲದ ಕಾರು, ಒಂದೇ ಎಂಜಿನ್ನು

ತುಮಕೂರು ಸೀಮೆಯ ಹಳಬರಿಗೆ ಪರಿಚಿತವಾದ ಅಂಬಾಸಿಡರ್ ಮತ್ತು ಕಾಂಟೆಸ್ಸಾ ಎರಡರ ಮೂಲವೂ ಇಂಗ್ಲೆಂಡ್. ಅಂಬಾಸಿಡರ್ 1956ರ ಮಾರಿಸ್ ಆಕ್ಸ್‌ಫರ್ಡ್ ಸರಣಿ 3ರ ಭಾರತೀಯ ರೂಪ. ಕಾಂಟೆಸ್ಸಾ 1970ರ ದಶಕದ ವಾಕ್ಸ್‌ಹಾಲ್ ವಿಎಕ್ಸ್‌ನ ರೂಪ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಮೊದಲನೆಯದನ್ನು 1958ರಿಂದಲೂ ಎರಡನೆಯದನ್ನು 1984ರಿಂದಲೂ ತಯಾರಿಸಿತು.

ಅಂಬಾಸಿಡರ್ ದುಂಡು ಮೈಯ, ಎತ್ತರದ ಕಾರು. ಸುಮಾರು 1.6 ಮೀಟರ್ ಎತ್ತರವಿದ್ದುದರಿಂದ ಪೇಟ ಸುತ್ತಿದವರೂ ತಲೆ ಬಗ್ಗಿಸದೆ ಕೂರಬಹುದಿತ್ತು. ಮುಂದಿನ ಸೀಟು ಅಡ್ಡಡ್ಡಲಾಗಿ ಒಂದೇ ಹಾಸು. ಗೇರು ಹಾಕುವ ಕಡ್ಡಿ ಸ್ಟೀರಿಂಗ್ ಪಕ್ಕದಲ್ಲೇ ಇದ್ದುದರಿಂದ ಚಾಲಕನ ಬಳಿ ಇನ್ನಿಬ್ಬರಿಗೆ ಜಾಗ ಸಿಗುತ್ತಿತ್ತು. ಕಾಂಟೆಸ್ಸಾ ಚಪ್ಪಟೆ, ಚೌಕು ಅಂಚಿನದು. ಉದ್ದ ಸುಮಾರು 4.6 ಮೀಟರ್, ಎತ್ತರ 1.4 ಮೀಟರಿಗೂ ಕಡಿಮೆ. ನೋಡಲು ಅದೇ ಚೆಂದ.

ಅಂಬಾಸಿಡರ್‌ನ ಹಿಂಗಾಲಿಗೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬಿಗಿದ ಸ್ಪ್ರಿಂಗು. ಗುಬ್ಬಿ ತಾಲ್ಲೂಕಿನ ತೆಂಗಿನ ತೋಟಗಳ ಗಾಡಿದಾರಿಯಲ್ಲಿ ಭಾರ ಹೊತ್ತು ಕುಲುಕುವುದಕ್ಕೆ ಹೇಳಿ ಮಾಡಿಸಿದ ಏರ್ಪಾಡು ಅದು. ಪಟ್ಟಿ ಮುರಿದರೆ ಊರಿನ ಗ್ಯಾರೇಜಿನಲ್ಲೇ ಬದಲಾಯಿಸಬಹುದಿತ್ತು. ಕಾಂಟೆಸ್ಸಾಗೆ ಹಿಂದೆಯೂ ಸುರುಳಿ ಸ್ಪ್ರಿಂಗು. ಹೆದ್ದಾರಿಯಲ್ಲಿ ಮೈ ಅಲುಗದ ಸವಾರಿ. ಆದರೆ ಬೆಂಗಳೂರು–ತುಮಕೂರು ಹೆದ್ದಾರಿ ಸುವರ್ಣ ಚತುಷ್ಪಥ ಯೋಜನೆಯಡಿ ಅಗಲವಾಗುವ ಹೊತ್ತಿಗೆ ಈ ಕಾರಿನ ಕಾಲವೇ ಮುಗಿಯುತ್ತ ಬಂದಿತ್ತು.

ನಿಜವಾದ ತೊಡಕು ಬಾನೆಟ್ಟಿನ ಕೆಳಗಿತ್ತು. ಹೊಸ ಕಾಲದ ಮೈಗೆ ಕಂಪನಿ ಅಂಬಾಸಿಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ನನ್ನೇ ಕೂರಿಸಿತ್ತು. ಸುಮಾರು 50 ಅಶ್ವಶಕ್ತಿಯ ಆ ಎಂಜಿನ್ನಿಗೆ ಉದ್ದನೆಯ ಕಾಂಟೆಸ್ಸಾವನ್ನು ಎಳೆಯುವುದೇ ಶ್ರಮ. ಓವರ್‌ಟೇಕ್ ಮಾಡಲು ಬೇಕಾದ ಬಿರುಸು ಬರುತ್ತಿರಲಿಲ್ಲ. ವಿದೇಶಿ ತಂತ್ರಜ್ಞಾನ ತರಲು ಸರ್ಕಾರದ ಪರವಾನಗಿ ಬೇಕಿದ್ದ ಆ ದಿನಗಳಲ್ಲಿ ಕಂಪನಿಗಳು ಕೈಲಿದ್ದುದರಲ್ಲೇ ಹೊಂದಿಸಿಕೊಳ್ಳುತ್ತಿದ್ದವು. 1980ರ ದಶಕದ ಕೊನೆಗೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ನು, ಐದು ಗೇರುಗಳೊಡನೆ ಬಂದಾಗಲೇ ಕಾಂಟೆಸ್ಸಾಗೆ ಮೈಗೆ ತಕ್ಕ ಬಲ ದಕ್ಕಿದ್ದು. 1990ರ ದಶಕದ ಆರಂಭದಲ್ಲಿ ಅದೇ ಎಂಜಿನ್ನು ಅಂಬಾಸಿಡರ್‌ಗೂ ಬಂತು. ಹೀಗೆ ಮುದಿ ಕಾರು ತನ್ನ ಎಂಜಿನ್ನನ್ನು ಕಿರಿಯದಕ್ಕೆ ಕೊಟ್ಟು, ಕಿರಿಯದರದನ್ನು ತಾನು ಪಡೆಯಿತು. ಎರಡೂ ಕಾರುಗಳ ಚರಿತ್ರೆಯಲ್ಲಿ ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿಲ್ಲ.

ಆದರೂ ಬಾಳಿಕೆಯಲ್ಲಿ ಗೆದ್ದದ್ದು ಹಳೆಯದೇ. ಕಾಂಟೆಸ್ಸಾ 2002ರಲ್ಲಿ ನಿಂತಿತು. ಅಂಬಾಸಿಡರ್ 2014ರವರೆಗೆ ತಯಾರಾಯಿತು. ಸರ್ಕಾರಿ ಕಚೇರಿಗಳೂ ಟ್ಯಾಕ್ಸಿಯವರೂ ದಶಕಗಟ್ಟಲೆ ಕೊಂಡಿದ್ದರಿಂದ ಅದರ ಬಿಡಿಭಾಗಗಳು ಇಂದಿಗೂ ಹುಡುಕಿದರೆ ಸಿಗುತ್ತವೆ. ಕಾಂಟೆಸ್ಸಾದ ಗಾಜು, ದೀಪ, ಬಾಗಿಲಿನ ಪಟ್ಟಿಗಳಿಗೆ ಮಾಲೀಕರು ಊರೂರು ಅಲೆಯಬೇಕು. ಎರಡನ್ನೂ ರಸ್ತೆಯಲ್ಲಿ ಓಡಿಸಬೇಕೆಂದರೆ, 15 ವರ್ಷ ಮೀರಿದ ಇತರ ಖಾಸಗಿ ಕಾರುಗಳಂತೆ ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಿಕೊಳ್ಳಬೇಕು.